ಹೆಸರು ಹೇಳಬಾರದ ಔಷಧ

"ಶಾಂತಕ್ಕಾ, ನಿಮಗ ನಾಯಿ ಕಡದಾಗ ನಾಟಿ ಔಷಧದಿಂದ ಆರಾಮ ಆತಂತಲ್ರೀ, ಖರೇನು?"

ಈ ಪ್ರಶ್ನೆ ಹೊತ್ತುಕೊಂಡು ಜನ ಈಗಲೂ ನನ್ನ ಬಾಗಿಲಿಗೆ ಬರುತ್ತಾರೆ. ತುರ್ಭೆ ಬಿಟ್ಟು ಐರೋಲಿಗೆ ಬಂದರೂ ಬಿಡಲಿಲ್ಲ, ಹುಡುಕಿಕೊಂಡು ಬರುತ್ತಾರೆ. ಕೂರಿಸಿ ಚಹಾ ಕೊಟ್ಟು ಹೇಳುತ್ತೇನೆ: ಇಲ್ಲ, ಆಗಲಿಲ್ಲ. ಆ ಔಷಧದಿಂದ ನಾನು ಸಾಯುವುದೊಂದು ಬಾಕಿ ಇತ್ತು. ಬದುಕಿದ್ದು ಆಸ್ಪತ್ರೆಯ ಸೂಜಿಯಿಂದ. ಅವರು ತಲೆಯಾಡಿಸುತ್ತಾರೆ, ಚಹಾ ಮುಗಿಸುತ್ತಾರೆ, ಕಪ್ಪು ಕೆಳಗಿಡುತ್ತಾ ಮೆಲ್ಲಗೆ ಕೇಳುತ್ತಾರೆ, "ಆದ್ರೂ ಅಕ್ಕಾ, ಅದು ಯಾವ ಸೊಪ್ಪು?"

ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನನ್ನ ಹಾಗೆ ಕಟ್ಟಿಹಾಕಿಸಿಕೊಂಡು ಮಲಗಿದವರು ಯಾರಾದರೂ ಇದ್ದರೆ ಓದಲಿ.

ನಾನು ವಿಜಾಪುರ ಜಿಲ್ಲೆಯವಳು. ಮೆಟ್ರಿಕ್ ಪಾಸಾದ ವರ್ಷವೇ ಮದುವೆಯಾಗಿ ಮರಾಠಿ ಸೀಮೆಯ ಠಾಣೆ ಜಿಲ್ಲೆಯ ತುರ್ಭೆಗೆ ಬಂದೆ. ನಮ್ಮವರು ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಉಳ್ಳಾಗಡ್ಡಿ ಚೀಲ ಹೊರುವ ಹಮಾಲರು. ನಾನು ನಮ್ಮ ಬಾಡಿಗೆ ಖೋಲಿಯಲ್ಲೇ ಹೊಲಿಗೆ ಮಶಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರ್ ಹೊಲಿಯುತ್ತಿದ್ದೆ. ಜೊತೆಗೆ ಅತ್ತೆ ಇದ್ದರು. ಇದು ತೊಂಬತ್ತರ ದಶಕದ ನಡುವಿನ ಮಾತು. ಮದುವೆಯಾಗಿ ನಾಲ್ಕು ವರ್ಷ ಕಳೆದರೂ ನನಗೆ ಮಕ್ಕಳಾಗಿರಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಇದೇ ಬುಡ.

ನಾಯಿ ಕಡಿದದ್ದು ನಳದ ಹತ್ತಿರ. ನೀರಿನ ಸರದಿಗೆ ನಿಂತಿದ್ದೆ. ನನ್ನ ಹಿಂದೆ ರೋಹಿಣಿ ಇದ್ದಳು. ಅವಳು ಉಡುಪಿ ಕಡೆಯವಳು, ಗಂಡ ವಾಶಿಯ ಹೋಟೆಲೊಂದರಲ್ಲಿ ಅಡುಗೆಯವನು. ಅವಳಿಗೂ ನನಗೂ ಆ ನಳದ ಮೇಲೆ ಎಷ್ಟು ಜಗಳವಾಗಿತ್ತೆಂದರೆ ಮಾತು ಬಿಟ್ಟು ವರ್ಷವಾಗಿತ್ತು. ಮೂಲೆಯಲ್ಲಿ ಮಲಗಿದ್ದ ಕಂದು ನಾಯಿ ಎದ್ದು ಬಂದು, ಬೊಗಳಲಿಲ್ಲ, ಗುರ್ರೆನ್ನಲಿಲ್ಲ, ನೆಟ್ಟಗೆ ನನ್ನ ಎಡಗಾಲಿನ ಮೀನಖಂಡ ಹಿಡಿಯಿತು. ರೋಹಿಣಿ ತನ್ನ ಕೊಡದಿಂದಲೇ ಅದಕ್ಕೆ ಬಾರಿಸಿ ಬಿಡಿಸಿದಳು. ಕೊಡ ನೆಗ್ಗಿತು.

"ಸಾಬೂನು ಹಾಕಿ ತೊಳಿ ಮಾರಾಯ್ತಿ, ಒಳ್ಳೆ ತಿಕ್ಕಿ ತೊಳಿ. ಮತ್ತೆ ಸೀದಾ ಆಸ್ಪತ್ರೆಗೆ ಹೋಗು. ಅಲ್ಲಿ ಸೂಜಿ ಕೊಡ್ತಾರೆ. ತಡ ಮಾಡ್ಬೇಡ ಆಯ್ತಾ" ಅಂದಳು. ವರ್ಷದ ನಂತರ ಅವಳು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಮನೆಗೆ ಬಂದು ಹೇಳಿದರೆ ಅತ್ತೆ ಉರಿದುಬಿದ್ದರು. "ಆ ಘಟ್ಟದ ಕೆಳಗಿನಾಕಿ ಹೇಳಿದ್ಲಂತ ಕೇಳ್ತೀಯೇನ? ಸಾಬೂನ ಹಚ್ಚಿದ್ರ ನಂಜು ಏರತೈತಿ." ಗಾಯಕ್ಕೆ ಖಾರಪುಡಿ ತುಂಬಿ ಬಟ್ಟೆ ಕಟ್ಟಿದರು. ಎವ್ವಾ, ಆ ಉರಿ! ಹಲ್ಲು ಕಚ್ಚಿ ಕುಳಿತೆ.

ಸಂಜೆ ನಮ್ಮವರು ಬಂದ ಮೇಲೆ ಓಣಿಯ ನಾಲ್ವರು ಹಿರಿಯರೂ ಸೇರಿದರು. ಆಗ ನಾಯಿ ಕಡಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ. ಅದನ್ನು ನೆನೆದರೇ ಗಂಡಸರೂ ಬೆವರುತ್ತಿದ್ದರು. ಆದರೆ ನಮ್ಮ ಮನೆಯ ಅಂಜಿಕೆ ನೋವಿನದಲ್ಲ. ಅತ್ತೆ ಹೇಳಿದರು, "ಹೊಟ್ಟಿಗೆ ಅಷ್ಟು ಸೂಜಿ ಚುಚ್ಚಿದ್ರ ಇನ್ನ ಕೂಸು ನಿಲ್ಲತೈತೇನ? ಮೊದ್ಲೇ ನಾಕು ವರ್ಷ ಆಗೇತಿ." ಎಲ್ಲರೂ ಹೌದೌದು ಎಂದರು. ನಾನು ನಮ್ಮವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

"ನಾ ಸೂಜಿ ಮಾಡಿಸ್ಕೋತೀನ್ರೀ" ಎಂದೆ. ಜೋರಾಗಿಯೇ ಎಂದೆ.

"ನಿನ್ನ ಹೊಟ್ಟಿ ನಿನ್ನೊಬ್ಬಾಕಿದಲ್ಲ ಯವ್ವಾ" ಎಂದರು ಅತ್ತೆ. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

ಔಷಧ ಕೊಟ್ಟವನು ಹಣಮಂತ ಮುತ್ಯಾ. ನಮ್ಮ ಸೀಮೆಯವನೇ, ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ ಮುದುಕ, ಕಲ್ಲಿನ ಖಾಣಿಯ ಹತ್ತಿರ ಒಬ್ಬನೇ ಇದ್ದ. ಅವನನ್ನು ಕಳ್ಳ ಎಂದರೆ ನನ್ನ ನಾಲಿಗೆ ಬೀಳುತ್ತದೆ. ಯಾರಿಂದಲೂ ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಎಲೆ ಅಡಿಕೆಯನ್ನೂ ಒಲ್ಲೆ ಎನ್ನುತ್ತಿದ್ದ. ಅದೇ ದೊಡ್ಡ ಅಪಾಯ. ದುಡ್ಡು ಕೇಳುವವನ ಮೇಲೆ ನಮ್ಮ ಜನಕ್ಕೆ ಸಂಶಯ ಬರುತ್ತದೆ, ಪುಕ್ಕಟೆ ಕೊಡುವವನ ಮೇಲೆ ಬರುವುದಿಲ್ಲ.

ಅವನದೊಂದು ಕಟ್ಟಳೆ ಇತ್ತು. ಔಷಧದ ಹೆಸರು ಹೇಳಬಾರದು. ಕೊಟ್ಟವನೂ ಹೇಳಬಾರದು, ತಗೊಂಡವರೂ ಹೇಳಬಾರದು, ನೋಡಿದವರೂ ಹೇಳಬಾರದು. ಹೆಸರು ಬಾಯಿಂದ ಹೊರಬಿದ್ದರೆ ಗುಣ ಹೋಗುತ್ತದೆ, ನಾಯಿಯ ವಿಷ ಒಳಗೇ ನಿಲ್ಲುತ್ತದೆ. ನಮ್ಮ ಕಡೆ ನಾಟಿ ಔಷಧ ಕೊಡುವವರಲ್ಲಿ ಈ ಮಾತು ಬಹಳ ಹಳೆಯದು, ನನ್ನ ಅಜ್ಜಿಯೂ ಹೇಳುತ್ತಿದ್ದಳು.

ನಾನು ಹೇಳುತ್ತೇನೆ: ಮದಗುಣಕಿ. ಬೆಂಗಳೂರು ಕಡೆ ಉಮ್ಮತ್ತಿ ಎನ್ನುತ್ತಾರೆ, ಇಲ್ಲಿ ಮರಾಠಿಯವರು ಧೋತ್ರಾ ಎನ್ನುತ್ತಾರೆ. ತುತ್ತೂರಿಯಂಥ ಹೂವು, ಮೈತುಂಬ ಮುಳ್ಳಿನ ಕಾಯಿ. ತುರ್ಭೆಯಲ್ಲಿ ಗಟಾರದ ದಂಡೆಗೆ, ಖಾಣಿಯ ಕಲ್ಲುಪುಡಿಯ ಮೇಲೆ, ರೈಲು ಹಳಿಯ ಬದಿಗೆ ತಾನಾಗಿ ಬೆಳೆಯುತ್ತಿತ್ತು, ಹೇಳುವವರು ಕೇಳುವವರು ಇಲ್ಲ. ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಶಿವರಾತ್ರಿಗೆ ಅದರ ಹೂವನ್ನೇ ಈಶ್ವರನಿಗೆ ಏರಿಸಿದ್ದೇನೆ. ಅತ್ತೆಯ ಮೊಣಕಾಲು ಬಾತಾಗ ಎಲೆಗೆ ಎಣ್ಣೆ ಸವರಿ, ಹೆಂಚಿನ ಮೇಲೆ ಬಿಸಿ ಮಾಡಿ ನಾನೇ ಕಟ್ಟುತ್ತಿದ್ದೆ, ಬಾವು ಇಳಿಯುತ್ತಿತ್ತು. ಕಟ್ಟಿ ಬಂದ ಕೈಯನ್ನು ತಿಕ್ಕಿ ತೊಳೆಯದೆ ರೊಟ್ಟಿಗೆ ಕೈ ಹಾಕಬೇಡ ಎಂದು ಬೈದು ಕಲಿಸಿದ್ದೂ ಅದೇ ಅತ್ತೆ. ಮೇಲೆ ಕಟ್ಟಿದ ಎಲೆಯ ಕೈಯನ್ನೇ ತೊಳೆಯಬೇಕು ಎಂದು ಗೊತ್ತಿದ್ದವರು ಅದರ ರಸವನ್ನು ನನಗೆ ಕುಡಿಸಿದರು. ಏನೆನ್ನಬೇಕು ಇದಕ್ಕೆ?

ನಾಯಿ ಕಡಿದ ಮೂರನೆಯ ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಬೆಲ್ಲ ಕಲಸಿ ಕೊಟ್ಟರು. ಕಹಿ ಎಂದರೆ ಕಹಿ. ಮುತ್ಯಾ ಹೇಳಿದ, "ಸ್ವಲ್ಪ ಹುಚ್ಚು ಹಿಡದಂಗ ಆಕ್ಕೈತಿ, ಅಂಜಬ್ಯಾಡ್ರಿ. ಅದು ನಾಯಿ ವಿಷ ಹೊರಗ ಬರೂದು. ಹುಚ್ಚು ಬಂದ್ರ ಔಷಧ ಹತ್ತೇತಿ ಅಂತ ತಿಳೀರಿ."

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಮೊದಲು ಬಾಯಿ ಒಣಗಿತು. ನಾಲಿಗೆ ಅಂಗುಳಕ್ಕೆ ಅಂಟಿತು, ಉಗುಳು ನುಂಗಲು ಉಗುಳೇ ಇಲ್ಲ. ಮೈ ಕೆಂಪಗೆ ಸುಡತೊಡಗಿತು. ಗೋಡೆಯ ತುಂಬ ಇರುವೆ. ತೀರಿಹೋದ ನಮ್ಮಪ್ಪ ಬಂದು ನನ್ನ ಮಶಿನ್ನಿನ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದ. ಇಳಿಯಪ್ಪಾ, ಮಶಿನ್ ಮುರೀತೈತಿ ಎಂದು ಕೂಗುತ್ತಿದ್ದೆನಂತೆ. ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸಿ ಗಾಳಿಯಲ್ಲಿ ಜಂಪರ್ ಹೊಲಿದೆನಂತೆ. ನೀರು ಕೊಟ್ಟರೆ ಗಂಟಲು ಹಿಡಿದು ಕೆಮ್ಮಿ, ಲೋಟವನ್ನು ಗೋಡೆಗೆ ಎಸೆದೆನಂತೆ.

ಹುಚ್ಚು ಬರುತ್ತದೆ ಎಂದು ಗೊತ್ತಿದ್ದವರಿಗೂ ಇಷ್ಟು ಬರುತ್ತದೆಂದು ಗೊತ್ತಿರಲಿಲ್ಲ. ಮಧ್ಯಾಹ್ನ ನಾನು ಓಣಿಗೆ ಓಡಿ ಬಿದ್ದಾಗ ನಮ್ಮವರು ಹೆದರಿ, ಟೆಂಪೋದಲ್ಲಿ ಹಾಕಿಕೊಂಡು ಠಾಣೆ ಕಡೆಯ ಒಂದು ಸರಕಾರಿ ಆಸ್ಪತ್ರೆಗೆ ಒಯ್ದರು. ಆಸ್ಪತ್ರೆಯ ಹೆಸರು ಬೇಡ. ಬಾಗಿಲಲ್ಲೇ ಕೇಳಿದ ಡಾಕ್ಟರಿಗೆ ನಮ್ಮವರು ಒಂದೇ ಮಾತು ಹೇಳಿದರು, ನಾಯಿ ಕಡಿದಿದೆ. ಡಾಕ್ಟರು ನನ್ನ ಬಾಯಿಗೆ ನೀರು ಹಿಡಿದು ನೋಡಿದರು. ನಾನು ಕೊಸರಿಕೊಂಡು ಚೀರಿದೆ. ಅಷ್ಟೇ ಸಾಕಾಯಿತು.

ನಾಯಿಹುಚ್ಚು ಬಂದವರನ್ನು ಇಡುವ ಕೋಣೆ ಆಸ್ಪತ್ರೆಯ ಪಡಸಾಲೆಯ ಕೊನೆಯಲ್ಲಿತ್ತು. ಒಂದು ಕಬ್ಬಿಣದ ಮಂಚ, ಮುಚ್ಚಿದ ಕಿಟಕಿ, ತಿರುಗದ ಫ್ಯಾನು. ಕೈಕಾಲುಗಳನ್ನು ಬಟ್ಟೆಯಿಂದ ಮಂಚಕ್ಕೆ ಕಟ್ಟಿದರು. ಸಲಾಯಿನ್ ಇಲ್ಲ, ಗುಳಿಗೆ ಇಲ್ಲ. ಅದು ಒಮ್ಮೆ ಬಂತೆಂದರೆ ಔಷಧವೇ ಇಲ್ಲವಲ್ಲ, ಯಾರಾದರೂ ಯಾಕೆ ಕೊಟ್ಟಾರು? "ಘರಚ್ಯಾಂನಾ ಬೋಲವಾ" ಎಂದು ನರ್ಸು ಹೇಳಿ ಹೋದಳು, ಮನೆಯವರನ್ನೆಲ್ಲ ಕರೆಸಿ ಎಂದು.

ಮನೆಯವರು ಬಂದರು. ಕಲ್ಯಾಣದಿಂದ ನಮ್ಮವರ ಕಾಕಾ ಬಂದರು, ಊರಿಗೆ ಫೋನು ಹೋಯಿತು. ಬಾಗಿಲ ಸಂದಿಯಿಂದ ಒಬ್ಬೊಬ್ಬರೇ ಇಣುಕಿ, ಬಾಯಿಗೆ ಸೆರಗು ಹಿಡಿದು ಹಿಂದೆ ಸರಿದರು. ನಮ್ಮ ಓಣಿಯ ಒಬ್ಬಾಕೆ ಹಾಡಿಕೊಂಡು ಅಳತೊಡಗಿದಳು, ನನ್ನ ಗುಣ ಎಲ್ಲ ಹೇಳಿ ಹೇಳಿ. ಬದುಕಿದ್ದಾಗ ಜಂಪರ್ ಬಿಗಿಯಾಯಿತೆಂದು ನನ್ನ ಜೊತೆ ಕಿತ್ತಾಡಿದವಳೇ ಅವಳು.

ನನ್ನ ತಲೆಯಲ್ಲಿ ಒಂದು ಮಾತು ಮಾತ್ರ ಚೊಕ್ಕವಾಗಿ ಉಳಿಯಿತು. ಅಷ್ಟೆಲ್ಲ ಗೊಂದಲದಲ್ಲಿ ಇದೊಂದು ಯಾಕೆ ಉಳಿಯಬೇಕಿತ್ತೋ. ಬಾಗಿಲ ಹೊರಗೆ ಕಾಕಾ ಹೇಳುತ್ತಿದ್ದರು, "ಆದದ್ದು ಆತು. ಇನ್ನ ಸಂಬಂಧ ಕಡೀಬಾರದು. ಅಕಿ ತಂಗಿ ಕಸ್ತೂರಿ ಅದಾಳಲ್ಲ, ದಿನಕರ್ಮ ಮಾಡಿದ ಮ್ಯಾಲ ಲಗ್ನದ ಮಾತಾಡೂಣು."

ನಮ್ಮವರು ಏನೆನ್ನುತ್ತಾರೋ ಕೇಳಲು ನಾನು ಉಸಿರು ಹಿಡಿದೆ. ಅವರು ಏನೂ ಅನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ.

ಸಂಜೆಯ ಪಾಳಿಗೆ ಬೇರೆ ಡಾಕ್ಟರಮ್ಮ ಬಂದರು. ಚಿಕ್ಕ ವಯಸ್ಸು, ಕಣ್ಣ ಕೆಳಗೆ ಕಪ್ಪು, ನಿದ್ದೆಗೆಟ್ಟ ಮುಖ. ನನ್ನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಮತ್ತೆ ನೋಡಿದರು, ಪಾಪೆ ಅಗಲಕ್ಕೆ ಅರಳಿತ್ತಂತೆ. ಕಾಲಿನ ಗಾಯ ಬಿಚ್ಚಿಸಿ, ಯಾವಾಗ ಕಡಿದದ್ದು ಎಂದು ಕೇಳಿದರು. ಮೂರು ದಿನವಾಯಿತು ಎಂದಾಗ ಹುಬ್ಬು ಗಂಟಿಕ್ಕಿದರು. ಇಷ್ಟು ಬೇಗ ಬರುವ ರೋಗವಲ್ಲ ಇದು ಎಂದರು.

"ಕ್ಯಾ ಖಿಲಾಯಾ ಇಸ್ಕೋ? ಕುಛ್ ಖಿಲಾಯಾ ಹೈ ಕ್ಯಾ?" ಏನು ತಿನ್ನಿಸಿದ್ದೀರಿ ಇವಳಿಗೆ ಎಂದು ಕೇಳಿದರು.

ಅತ್ತೆ ತಲೆ ತಗ್ಗಿಸಿದರು. ನಮ್ಮವರು, "ನಹೀ ಮೇಡಂ, ಕುಛ್ ನಹೀ" ಎಂದರು. ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು, ಮತ್ತೆ ಹಿಂದಿಯಲ್ಲಿ ಕೇಳಿದರು, ಬೈದರು. ಅವಳು ಸಾಯುತ್ತಾಳೆ, ಹೇಳಿ ಎಂದರು. ಇವರು ಬಾಯಿ ಹೊಲಿದುಕೊಂಡು ನಿಂತರು. ಅವರ ಒಳಗೆ ಏನಿತ್ತು ಎಂದು ನನಗೀಗ ಗೊತ್ತು. ಹೆಸರು ಹೇಳಿದರೆ ಔಷಧದ ಗುಣ ಹೋಗುತ್ತದೆ, ಇದ್ದೊಂದು ಆಸೆಯೂ ಹೋಗುತ್ತದೆ. ನನ್ನನ್ನು ಉಳಿಸಬೇಕೆಂದೇ ಅವರು ನನ್ನನ್ನು ಸಾಯಲು ಬಿಟ್ಟರು. ಇದನ್ನು ನೆನೆದರೆ ಅಳಬೇಕೋ ನಗಬೇಕೋ ಇವತ್ತಿಗೂ ತಿಳಿಯುವುದಿಲ್ಲ.

ಬಾಯಿ ಬಿಟ್ಟವಳು ರೋಹಿಣಿ. ನನ್ನ ಅತ್ತೆ ಬೆಳಿಗ್ಗೆಯಿಂದ ಉಂಡಿಲ್ಲವೆಂದು ಗಂಜಿಯ ಡಬ್ಬಿ ಹಿಡಿದು ಬಸ್ ಹತ್ತಿ ಬಂದಿದ್ದಳು, ಪುಣ್ಯಾತ್ಗಿತ್ತಿ. ಪಡಸಾಲೆಯಲ್ಲಿ ನಿಂತು ಈ ತಮಾಷೆ ನೋಡಿ ಅವಳ ಪಿತ್ತ ನೆತ್ತಿಗೇರಿತು.

"ಎಂಥ ಜನ ನೀವು? ನಾನು ಕಣ್ಣಾರೆ ನೋಡಿದ್ದೇನೆ. ಇವರ ಬಾಗಿಲಲ್ಲಿ ಒರಳು ತೊಳೆದ ನೀರು, ಅದರಲ್ಲಿ ಮುಳ್ಳುಕಾಯಿ ಸಿಪ್ಪೆ. ಮೇಡಂ, ವೋ ಧೋತ್ರಾ ಪಿಲಾಯಾ ಹೈ, ಧೋತ್ರಾ!"

ಅತ್ತೆ ಅವಳ ಬಾಯಿ ಮುಚ್ಚಲು ಹೋದರಂತೆ. ಡಾಕ್ಟರಮ್ಮ ಆಗಲೇ ನರ್ಸನ್ನು ಕೂಗುತ್ತಿದ್ದರು. ನನ್ನನ್ನು ಆ ಕೋಣೆಯಿಂದ ಹೊರಗೆ ತಂದು ಹೊಟ್ಟೆ ತೊಳೆಸಿದರು, ಸಲಾಯಿನ್ ಹಚ್ಚಿದರು, ಒದ್ದೆ ಬಟ್ಟೆಯಿಂದ ಮೈ ಒರೆಸಿ ಕಾವು ಇಳಿಸಿದರು. ಎರಡು ದಿನದಲ್ಲಿ ಇರುವೆಗಳು ಗೋಡೆ ಬಿಟ್ಟು ಹೋದವು. ಅಪ್ಪನೂ ಹೋದ. ಅವನು ಹೋದದ್ದಕ್ಕೆ ಮಾತ್ರ ಸ್ವಲ್ಪ ಕೆಡುಕೆನಿಸಿತು.

ಎಚ್ಚರವಾದಾಗ ಡಾಕ್ಟರಮ್ಮ ಹೇಳಿದರು, ಗಿಡದ ವಿಷ ಇಳಿದಿದೆ, ನಾಯಿಯದು ಹಾಗೇ ಇದೆ, ಇವತ್ತೇ ಸೂಜಿ ಶುರು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ಸೆರಗು ಸರಿಸಿ ಹೊಟ್ಟೆ ತೋರಿಸಿದೆ.

ತುರ್ಭೆಯಿಂದ ದಿನಾ ಹೋಗಿ ಬಂದೆ. ಸೂಜಿಯ ಸರದಿಯ ಬೆಂಚಿನ ಮೇಲೆ ಕೂತವರು ಯಾರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ, ಎಲ್ಲರ ಕೈಯೂ ಹೊಟ್ಟೆಯ ಮೇಲೆ. ನಾನು ಅಳುವುದನ್ನು ನೋಡಿ ಬದಲಾಪುರದ ಒಬ್ಬ ಮುದುಕಿ ತನ್ನ ಚೀಲದಿಂದ ನಿಂಬೆಹುಳಿ ಪೆಪ್ಪರಮಿಂಟು ತೆಗೆದು ಕೊಡುತ್ತಿದ್ದಳು. ಹೊಕ್ಕುಳ ಸುತ್ತ ಗಂಟು ಗಂಟಾಗಿ, ಸೀರೆಯ ನಿರಿಗೆ ಸಿಕ್ಕಿಸಲು ಆಗುತ್ತಿರಲಿಲ್ಲ. ಕಣ್ಣು ಮಂಜಾಗಿ ಬಹಳ ದಿನ ಸೂಜಿಗೆ ದಾರ ಪೋಣಿಸಲಾಗಲಿಲ್ಲ. ರೋಹಿಣಿ ಬಂದು ಹತ್ತಾರು ಸೂಜಿಗೆ ಒಟ್ಟಿಗೇ ದಾರ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. ನಳದ ಹತ್ತಿರ ಮಾತ್ರ ಮೊದಲಿನ ಹಾಗೇ ಜಗಳವಾಡುತ್ತಿದ್ದಳು. ಅದೂ ಒಂದು ಔಷಧವೇ.

ಒಂದು ದಿನ ನಮ್ಮವರನ್ನು ಕೇಳಿದೆ, "ಕಾಕಾ ಕಸ್ತೂರಿ ಮಾತ ಎತ್ತಿದಾಗ ನೀವು ಯಾಕ ಸುಮ್ನಿದ್ರಿ?"

ಅವರ ಮುಖ ಬಿಳಿಚಿತು. "ನಿನಗ ಕೇಳಿಸಿತ್ತೇನ?"

"ಸತ್ತಿರಲಿಲ್ಲರೀ ನಾನು."

ಆಮೇಲೆ ಅವರು ಒಳ್ಳೆಯ ಗಂಡನಾಗಿಯೇ ಇದ್ದಾರೆ, ಸುಳ್ಳು ಹೇಳಬಾರದು. ಎರಡು ವರ್ಷಕ್ಕೆ ಮಗಳೂ ಹುಟ್ಟಿದಳು, ಅಷ್ಟು ಸೂಜಿ ಚುಚ್ಚಿಸಿಕೊಂಡ ಅದೇ ಹೊಟ್ಟೆಯಲ್ಲಿ. ಆದರೆ ಬಾಗಿಲ ಹೊರಗಿನ ಆ ಮೌನ ನನ್ನಿಂದ ಹೋಗಿಲ್ಲ. ಸಿಟ್ಟು ಬಂದಾಗ ಮೊದಲು ನೆನಪಾಗುವುದು ಅದೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ನಾನು ಮನೆಗೆ ಬಂದ ವಾರದಲ್ಲೇ ಮುತ್ಯಾನ ಹೆಸರು ತುರ್ಭೆಯಿಂದ ಕಲ್ಯಾಣದವರೆಗೆ ಹೋಯಿತು. ಶಾಂತವ್ವಗೆ ನಾಯಿಹುಚ್ಚು ಬಂದಿತ್ತು, ಡಾಕ್ಟರರೇ ಕೈ ಬಿಟ್ಟಿದ್ದರು, ಸಾಯುವ ಕೋಣೆಯಿಂದ ಮುತ್ಯಾನ ಔಷಧ ಎಬ್ಬಿಸಿಕೊಂಡು ಬಂತು! ಕಥೆ ಹೀಗೆ ಹಬ್ಬಿತು, ರೋಹಿಣಿ ಹೆಸರು ಹೇಳಿದ್ದನ್ನು ಮಾತ್ರ ಯಾರೂ ಎತ್ತಲಿಲ್ಲ. ನಾನು ಎದುರು ನಿಂತು ಅಲ್ಲ ಎಂದರೆ, "ಪಾಪ, ಆಗ ಅಕಿಗೆ ಖಬರ್ ಇರ್ಲಿಲ್ಲ" ಎಂದು ನನ್ನ ಮುಂದೆಯೇ ಅನ್ನುತ್ತಿದ್ದರು. ಸತ್ತು ಬಂದವಳು ನಾನು, ಸಾಕ್ಷಿ ಹೇಳುವವರು ಅವರು.

ಮುಂದಿನ ವರ್ಷ ನಮ್ಮವರ ಜೊತೆ ಚೀಲ ಹೊರುವ ಬಸಪ್ಪನಿಗೆ ನಾಯಿ ಕಡಿಯಿತು. ಅವನ ಹೆಂಡತಿ ನೀಲವ್ವ ನನ್ನನ್ನು ಕೇಳಲು ಬಂದಳು. ಬಾಗಿಲು ಹಾಕಿ, ಸೀರೆ ಸರಿಸಿ, ಹೊಕ್ಕುಳ ಸುತ್ತಲಿನ ಕಲೆಗಳನ್ನು ಅವಳಿಗೆ ತೋರಿಸಿದೆ. ಮುಟ್ಟಿ ನೋಡು ಎಂದೆ. ಮುಟ್ಟಿ ನೋಡಿದಳು. "ಇದರಿಂದ ಉಳದೀನಿ ನೀಲವ್ವಾ, ಇದರಿಂದ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ, ಕಳಿಸು" ಎಂದೆ. ಹೂಂ ಎಂದು ಹೋದಳು. ಮರುದಿನ ಬಸಪ್ಪ ಬರಲಿಲ್ಲ, ಖಾಣಿಯ ಕಡೆ, ಮುತ್ಯಾನ ಹತ್ತಿರ ಹೋಗಿದ್ದ.

ನನಗಾದದ್ದನ್ನು ನೋಡಿ ಮುತ್ಯಾ ಈ ಸಲ ಕಡಿಮೆ ಕೊಟ್ಟಿದ್ದನಂತೆ. ಬಸಪ್ಪ ಒಂದು ದಿನ ಮಂಪರಿನಲ್ಲಿ ಮಲಗಿ ಎದ್ದ, ಗಾಯ ಮಾಯಿತು, ಕೆಲಸಕ್ಕೂ ಹೋದ. ಎಲ್ಲರೂ ನನ್ನನ್ನು ನೋಡಿ ನಕ್ಕರು. ತಿಂಗಳ ಮೇಲೆ ಒಂದು ದಿನ ಅವನಿಗೆ ನೀರು ನುಂಗಲಾಗಲಿಲ್ಲ. ಗಾಳಿ ಸೋಕಿದರೆ ಬೆಚ್ಚಿದ. ನನಗೆ ಸುದ್ದಿ ಮುಟ್ಟುವಾಗ ಎಲ್ಲ ಮುಗಿದಿತ್ತು. ಆಸ್ಪತ್ರೆಗೂ ಒಯ್ದಿರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ಅವರ ಖೋಲಿಗೆ ಹೋದೆ. ನೀಲವ್ವ ಗೋಡೆಗೆ ಒರಗಿ ಕುಳಿತಿದ್ದಳು. ನನ್ನನ್ನು ನೋಡಿ ಅವಳು ಅತ್ತಳು. ನಾನು ಕೇಳಲೇಬಾರದೆಂದುಕೊಂಡದ್ದನ್ನು ಕೇಳಿಬಿಟ್ಟೆ, ಯಾಕವ್ವಾ ಒಯ್ಯಲಿಲ್ಲ ಎಂದು.

"ನಿಮಗೂ ಹಿಂಗ ಆಗಿತ್ತಲ್ಲ ಅಕ್ಕಾ. ಹುಚ್ಚು ಬಂತು, ಔಷಧ ಈಗ ಹತ್ತೇತಿ, ವಿಷ ಹೊರಗ ಬರಾಕತ್ತೈತಿ ಅಂದ್ರು ಎಲ್ಲಾರೂ. ನೀವು ತಿರುಗಿ ಬಂದ್ರಲ್ಲ... ಇವರೂ ಬರ್ತಾರಂತ ಕಾಯ್ಕೋತ ಕುಂತ್ವಿ."

ಕಣ್ಣೊರೆಸಿಕೊಳ್ಳಲು ಅವಳು ಕೈ ಎತ್ತಿದಾಗ ನೋಡಿದೆ. ಮುಂಗೈಯ ಮೇಲೆ ಹಲ್ಲಿನ ಗುರುತು, ಚರ್ಮ ಕಿತ್ತಿತ್ತು. ಹಿಡಿದುಕೊಳ್ಳಲು ಹೋದಾಗ ಬಸಪ್ಪನೇ ಕಚ್ಚಿದ್ದ. ಅಷ್ಟರಲ್ಲಿ ಮುತ್ಯಾ ಒಳಗೆ ಬಂದ. ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು. ಮುದುಕನ ಕಣ್ಣೂ ಅತ್ತು ಕೆಂಪಾಗಿತ್ತು. "ಕುಡೀವಾ, ನಿನಗರ ಚೊಲೋ ಆಗ್ಲಿ" ಎಂದ. ನೀಲವ್ವ ಬಟ್ಟಲಿಗೆ ಕೈ ಚಾಚಿದಳು. ನೋಡಿ, ಚಾಚಿದಳು!

ಸೂಜಿಯ ಮಾತು ಇಲ್ಲಿ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊಟ್ಟೆ ತೋರಿಸಿದ್ದೂ ಆಗಿತ್ತು. ಎದ್ದು ನಿಂತು, ಸಾವಿನ ಮನೆ ಎಂಬುದನ್ನೂ ನೋಡದೆ, ಓಣಿಯ ಕೊನೆಗೆ ಕೇಳುವ ಹಾಗೆ ಕೂಗಿದೆ:

"ಮದಗುಣಕಿ! ಮದಗುಣಕಿ ರಸ ಅದು! ಗಟಾರದ ದಂಡಿ ಮ್ಯಾಲಿನ ಮದಗುಣಕಿ!"

ಒಳಗೆ ಕುಳಿತ ಹೆಂಗಸರು ಕಿವಿ ಮುಚ್ಚಿಕೊಂಡರು. ಮುತ್ಯಾ ನನ್ನನ್ನೇ ನೋಡಿದ.

"ಹೆಸರ ಹೇಳಿ ಹಾಳ ಮಾಡಿದಲ್ಲ ಯವ್ವಾ" ಎಂದು ಬಟ್ಟಲನ್ನು ಒಯ್ದು ಹೊರಗಿನ ಗಟಾರಕ್ಕೆ ಸುರಿದ.

"ಈಗ ಏನ ಮಾಡೂದಕ್ಕಾ?" ಎಂದಳು ನೀಲವ್ವ.

"ಏಳು. ಚಪ್ಪಲಿ ಹಾಕ್ಕೋ" ಎಂದೆ.

ಅವಳು ಎದ್ದು ಬಂದಳು, ಹದಿನಾಲ್ಕೂ ಸೂಜಿ ಮಾಡಿಸಿಕೊಂಡಳು, ಈಗಲೂ ಇದ್ದಾಳೆ. ಆ ಒಂದು ವರ್ಷದಲ್ಲಿ ನಾನು ತುರ್ಭೆಯ ಜನಕ್ಕೆ ಎಷ್ಟು ಮಾತು ಹೇಳಿದ್ದೆ! ಅವರು ನಂಬಿದ್ದು ಕೂಗಿ ಹೇಳಿದ ಆ ಹೆಸರೊಂದನ್ನೇ.